ಜಿನೀವಾದ ಆ ಕುರ್ಚಿಯಲ್ಲಿ ನಮ್ಮ ಪರ ಕೂತವರು ಯಾರು?



ಕಳೆದ ತಿಂಗಳ ಯುವಜನ ಸಭೆಯಲ್ಲಿ ಮುಂದಿನ ಚರ್ಚೆಗೆ "ಅಂತರರಾಷ್ಟ್ರೀಯ ಒಪ್ಪಂದಗಳು ಮತ್ತು ನಾವು" ಎಂಬ ವಿಷಯ ಇಡೋಣ ಎಂದೆ. ಅರ್ಧದಷ್ಟು ಮಂದಿ ಫೋನ್ ತೆಗೆದರು. ಒಬ್ಬ ಹೇಳಿಯೇ ಬಿಟ್ಟ: "ಎಂತ ಮಾರಾಯ, ಜಿನೀವಾದಲ್ಲಿ ಕೋಟು ಹಾಕಿದವರು ಸಹಿ ಹಾಕಿದರೆ ನಮಗೆ ಎಂತ ಆಗ್ಲಿಕ್ಕುಂಟು? ನೀನು ಟೂರ್ನಮೆಂಟಿನ ಲೆಕ್ಕ ಹೇಳು." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಮಾತು ಚುಚ್ಚತೊಡಗಿತು. ಬೇರೆ ಯಾವ ಊರಿನವನಾದರೂ ಹಾಗೆ ಹೇಳಲಿ, ಅಡ್ಡಿಯಿಲ್ಲ. ಅವನು ಅದನ್ನು ಹೇಳಿದ್ದು ಕಾಸರಗೋಡಿನಲ್ಲಿ ಕೂತು. ಅವನ ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ ಹೋದರೆ ಎಣ್ಮಕಜೆ, ಪಡ್ರೆ, ಸ್ವರ್ಗ.

ಆ ಸ್ವರ್ಗದ ಕಥೆ ನಮ್ಮ ವಯಸ್ಸಿನವರಿಗೆ ಪಾಠಪುಸ್ತಕದ ಕಥೆಯ ಹಾಗೆ ಕೇಳಿಸುತ್ತದೆ. ನಾವು ಹುಟ್ಟುವ ಹೊತ್ತಿಗೆ ಹೆಲಿಕಾಪ್ಟರ್ ಬರುವುದು ನಿಂತಿತ್ತು, ಅಥವಾ ನಿಲ್ಲುವುದರಲ್ಲಿತ್ತು. ಅದಕ್ಕೇ ಚಿಕ್ಕದಾಗಿ ನೆನಪಿಸುತ್ತೇನೆ. 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್, ಇಲ್ಲಿನ 4,500 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳ ಮೇಲೆ ಟೀ ಸೊಳ್ಳೆಯನ್ನು ಕೊಲ್ಲಲೆಂದು ಎಂಡೋಸಲ್ಫಾನನ್ನು ಆಕಾಶದಿಂದ ಸುರಿಸಿತು. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಲಾಗುತ್ತಿತ್ತು. ಬಾವಿಯನ್ನೇನೋ ಮಡಲು ಹಾಕಿ ಮುಚ್ಚಬಹುದು. ಗುಡ್ಡದ ಮೈಯಿಂದ ನೀರು ತರುವ ಸುರಂಗವನ್ನು, ಮನೆ ಎದುರು ಹರಿಯುವ ತೋಡನ್ನು ಯಾವುದರಿಂದ ಮುಚ್ಚುವುದು? ಈ ಊರಿನ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯದವರು ಮಾಡಿದ ನಿಯಮ ಅದು.

ಪತ್ರಕರ್ತ ಶ್ರೀಪಡ್ರೆ ಬರೆದರು. ಪಡ್ರೆಯ ವೈದ್ಯ ಡಾ. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಎಂದು ಗುರುತಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ವಾಯುಸಿಂಪಡಣೆ ನಿಲ್ಲಿಸಿದರು. ಒಬ್ಬ ಬರಹಗಾರ, ಒಬ್ಬ ಹಳ್ಳಿ ಡಾಕ್ಟರು, ಒಬ್ಬ ಸರಕಾರಿ ನೌಕರೆ. ಇಷ್ಟು ನಮಗೆ ಗೊತ್ತು, ವೇದಿಕೆಗಳಲ್ಲಿ ಹೇಳಿಯೂ ಹೇಳುತ್ತೇವೆ. ಅಲ್ಲಿಂದ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ, ಏಕೆಂದರೆ ಅದು ನಡೆದದ್ದು ಸ್ವಿಟ್ಜರ್ಲೆಂಡಿನಲ್ಲಿ, ಕೋಟು ಹಾಕಿದವರ ನಡುವೆ.

2011ರ ಈಸ್ಟರ್ ಏಪ್ರಿಲ್ 24ರಂದು ಬಂದಿತ್ತು. ಮರುದಿನ ಸೋಮವಾರ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳ ಐದನೇ ಸಮ್ಮೇಳನ ಶುರುವಾಯಿತು. ಬೇಗ ಕರಗದ, ಪ್ರಾಣಿಗಳ ಮೈಯಲ್ಲಿ ಶೇಖರವಾಗುವ, ಗಾಳಿಯಲ್ಲಿ ನೀರಿನಲ್ಲಿ ದೂರ ದೂರ ಹೋಗುವ ವಿಷಗಳನ್ನು ಜಗತ್ತಿನಿಂದಲೇ ತೆಗೆದುಹಾಕಲು ಮಾಡಿಕೊಂಡ ಒಪ್ಪಂದ ಅದು. ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸಬೇಕೇ ಎಂಬುದು ಪ್ರಶ್ನೆ. ಅದೇ ದಿನ ತಿರುವನಂತಪುರದಲ್ಲಿ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ನಿಷೇಧ ಬೇಕೆಂದು ಉಪವಾಸ ಕೂತಿದ್ದರು. ಕರ್ನಾಟಕ ಸರಕಾರವೂ ಎರಡು ತಿಂಗಳ ಹಿಂದೆ ತನ್ನಲ್ಲಿ ನಿಷೇಧಿಸಿತ್ತು. ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆಗಳಲ್ಲೂ ನಮ್ಮದೇ ಕಥೆ ಇತ್ತಲ್ಲ. 60ಕ್ಕೂ ಹೆಚ್ಚು ದೇಶಗಳು ಆಗಲೇ ಅದನ್ನು ಬಿಟ್ಟಿದ್ದವು.

ಆ ಸಭೆಯಲ್ಲಿ "ಭಾರತ" ಎಂಬ ಫಲಕದ ಹಿಂದಿನ ಕುರ್ಚಿ ಯಾರ ಪರ ಮಾತಾಡಿತು? ಪಡ್ರೆಯ ತಾಯಂದಿರ ಪರ ಅಲ್ಲ. ನಿಷೇಧ ಬೇಡ ಎಂದು ವಾದಿಸಿದ್ದೇ ನಮ್ಮ ದೇಶ. ಕೊನೆಗೆ ಶುಕ್ರವಾರ, ಏಪ್ರಿಲ್ 29ರಂದು, ತನಗೆ ಬೇಕಾದ ವಿನಾಯಿತಿಗಳೆಲ್ಲ ಸಿಕ್ಕ ಮೇಲೆ ಒಪ್ಪಿಕೊಂಡಿತು. ಯಾಕೆ ಹಾಗೆ ಎಂದು ತಿಳಿಯಲು ದೊಡ್ಡ ಸಂಶೋಧನೆ ಬೇಡ. ಆಗ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದ, ಬಳಸುತ್ತಿದ್ದ ದೇಶ ನಮ್ಮದು. ತಯಾರಕರಲ್ಲಿ ಒಂದು ಕೇಂದ್ರ ಸರಕಾರದ್ದೇ ಕಂಪೆನಿ, ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್. ಮಾರುವವನೂ ನೀನೇ, ನ್ಯಾಯ ಹೇಳುವವನೂ ನೀನೇ ಎಂದಾದರೆ ತೀರ್ಪು ಹೇಗಿರುತ್ತದೆ?

ವಿನಾಯಿತಿಗಳ ಪಟ್ಟಿಯನ್ನು ನಾನು ಓದಿದ್ದೇನೆ. ಹತ್ತಿ, ಸೆಣಬು, ಕಾಫಿ, ಚಹಾ, ಹೊಗೆಸೊಪ್ಪು, ಭತ್ತ, ಗೋಧಿ, ಜೋಳ, ನೆಲಗಡಲೆ, ಸಾಸಿವೆ, ಬದನೆ, ಬೆಂಡೆ, ಟೊಮೆಟೊ, ಮೆಣಸು, ನೀರುಳ್ಳಿ, ಬಟಾಟೆ, ಮಾವು, ಸೇಬು. ಬದಿಯಡ್ಕದ ಸಂತೆಗೆ ಹೋಗುವಾಗ ಅಮ್ಮ ಕೊಡುವ ಚೀಟಿ ಕೂಡ ಇಷ್ಟು ಉದ್ದ ಇರುವುದಿಲ್ಲ. ಒಂದು ಬೆಳೆ ಮಾತ್ರ ಅದರಲ್ಲಿ ಇಲ್ಲ: ಗೇರು. ಅಷ್ಟು ಹೊತ್ತಿಗೆ ಗೇರಿನ ಹೆಸರೆತ್ತಲು ಯಾರಿಗೂ ಮುಖ ಇರಲಿಲ್ಲವೋ ಏನೋ.

"ಯುರೋಪಿನವರ ಪಿತೂರಿ ಇದು, ಅವರ ದುಬಾರಿ ಪೇಟೆಂಟ್ ಔಷಧಿ ಮಾರಲು ನಮ್ಮ ಅಗ್ಗದ ಔಷಧಿಯನ್ನು ನಿಲ್ಲಿಸಿದರು" ಎಂದು ಆಗ ಕಂಪೆನಿಗಳು ಹೇಳಿದವು. ಈಗಲೂ ವಾಟ್ಸಾಪಿನಲ್ಲಿ ಈ ವಾದ ತಿರುಗುತ್ತಾ ಇರುತ್ತದೆ. ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ತನ್ನ ನೆಲದಲ್ಲಿ ಬಳಸಬಾರದೆಂದು 2007ರಲ್ಲೇ ನಿಂತ ಪ್ಯಾರಾಕ್ವಾಟನ್ನು ಆಮೇಲೂ ತಯಾರಿಸಿ ಹೊರದೇಶಗಳಿಗೆ ಕಳಿಸಿದ ಬ್ರಿಟನ್ ಅಂಥವರು ಸಂತರಲ್ಲ. ಆದರೆ ಪಿತೂರಿ ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಯುರೋಪಿನದ್ದೇ? ನಮ್ಮ ಪಡ್ರೆಯ ಶಾಲಾಮಕ್ಕಳನ್ನು ಪರೀಕ್ಷಿಸಿ, ಗಂಡುಮಕ್ಕಳಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದ್ದು ಕೇಂದ್ರ ಸರಕಾರದ ಆ ಸಂಸ್ಥೆಯ ವಿಜ್ಞಾನಿಗಳು. ಒಂದು ಕೈ ಮಕ್ಕಳ ರಕ್ತ ಪರೀಕ್ಷೆ ಮಾಡಿತು, ಇನ್ನೊಂದು ಕೈ ಜಿನೀವಾದಲ್ಲಿ ಬೇಡ ಎಂದು ಎದ್ದಿತು.

ಇನ್ನೊಂದು ವಾದ ಸ್ವಲ್ಪ ಗೌರವಕ್ಕೆ ಅರ್ಹ. "ಪ್ರತಿಯೊಂದು ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಎಂದು ಹೇಗೆ ಹೇಳುತ್ತಿ? ನೀನು ಸೈನ್ಸ್ ಓದಿದವನಲ್ಲವಾ?" ಎಂದು ನನ್ನನ್ನೇ ಕೇಳಿದವರಿದ್ದಾರೆ. ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಓದಿದವನಾಗಿ ಒಪ್ಪುತ್ತೇನೆ: ಒಂದು ಮನೆಯ ಒಂದು ಮಗುವನ್ನು ತೋರಿಸಿ, ಇದಕ್ಕೆ ಇದೇ ಕಾರಣ ಎಂದು ಲ್ಯಾಬಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಆದರೆ ಒಪ್ಪಂದ ಅದನ್ನು ಕೇಳುವುದೇ ಇಲ್ಲ. ವಸ್ತು ಮಣ್ಣಿನಲ್ಲಿ, ನೀರಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ಮೀನಿನ ಮೈಯಲ್ಲಿ ಎಷ್ಟು ಸೇರುತ್ತದೆ, ಬಳಸದ ಜಾಗಕ್ಕೂ ಹೋಗಿ ಮುಟ್ಟುತ್ತದೆಯೇ, ಜೀವಕ್ಕೆ ಹಾನಿ ಮಾಡುತ್ತದೆಯೇ ಎಂದು ಕೇಳುತ್ತದೆ. ಎಂಡೋಸಲ್ಫಾನ್ ಉತ್ತರ ಧ್ರುವದ ಹಿಮಪ್ರದೇಶದಲ್ಲೂ ಸಿಕ್ಕಿದೆ. ಅಲ್ಲಿ ಗೇರು ತೋಟ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಎಂಟನೇ ವಿಧಿಯ ಒಂದು ಮಾತು. ಪೂರ್ತಿ ವೈಜ್ಞಾನಿಕ ಖಚಿತತೆ ಇಲ್ಲ ಎಂಬ ಕಾರಣಕ್ಕೆ ಪ್ರಸ್ತಾಪವನ್ನು ತಡೆದು ನಿಲ್ಲಿಸಬಾರದು ಎನ್ನುತ್ತದೆ ಅದು. ಅನುಮಾನದ ಲಾಭ ವಿಷಕ್ಕಲ್ಲ, ಮನುಷ್ಯನಿಗೆ. ಹಾಗೆ ಬರೆದ ಕಾನೂನು ನಮ್ಮ ದೇಶದೊಳಗೆ ಆಗ ಎಲ್ಲಿತ್ತು? 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಒಂದು ರಾಜ್ಯ ಸರಕಾರ ಒಂದು ಕೀಟನಾಶಕವನ್ನು 60 ದಿನ ತಡೆಹಿಡಿಯಬಹುದು, ಹೆಚ್ಚೆಂದರೆ ಮತ್ತೆ 30 ದಿನ. ಆಮೇಲೆ ದೆಹಲಿಯ ಮರ್ಜಿ.

ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಕೃಷಿ ಮತ್ತು ಕೀಟಗಳಿಂದ ರಕ್ಷಣೆ ರಾಜ್ಯಪಟ್ಟಿಯ 14ನೇ ನಮೂದು. ವಿದೇಶಗಳೊಂದಿಗೆ ಒಪ್ಪಂದ ಮಾಡಿಕೊಳ್ಳುವುದು, ಜಾರಿಗೆ ತರುವುದು ಕೇಂದ್ರಪಟ್ಟಿಯ 14ನೇ ನಮೂದು. ಎರಡೂ 14! ಹುಳ ನಮ್ಮದು, ಸಹಿ ಅವರದು. ಸಹಿ ಹಾಕುವ ಮೊದಲು ಸಂಸತ್ತನ್ನು ಕೇಳಬೇಕೆಂಬ ಕಡ್ಡಾಯವೂ ನಮ್ಮಲ್ಲಿಲ್ಲ. ಸಂಪುಟ ಒಪ್ಪಿದರೆ ಸಾಕು. ಹಾಗಾಗಿ ನಾವು ಓಟು ಹಾಕಿ ಕಳಿಸಿದ ಎಂಪಿಗೂ ಜಿನೀವಾದಲ್ಲಿ ಆಡಿದ ಮಾತಿಗೂ ನೇರ ಸಂಬಂಧವೇ ಇಲ್ಲ.

ಇನ್ನು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. 2006ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸೇರುವಾಗಲೇ ಭಾರತ ಒಂದು ಷರತ್ತು ಇಟ್ಟಿತು: ಪಟ್ಟಿಗೆ ಹೊಸ ವಿಷ ಸೇರಿದರೆ, ನಾವು ಪ್ರತ್ಯೇಕವಾಗಿ ಅಂಗೀಕರಿಸಿದ ಮೇಲೆ ಮಾತ್ರ ಅದು ನಮಗೆ ಅನ್ವಯ. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಏಳು ರಾಸಾಯನಿಕಗಳನ್ನು ಹಾಗೆ ಅಂಗೀಕರಿಸಿತು. ಒಳ್ಳೆಯದೇ. ಆ ಏಳರಲ್ಲಿ ಎಂಡೋಸಲ್ಫಾನ್ ಇರಲಿಲ್ಲ. ಹಾಗಾದರೆ ದೇಶದಲ್ಲಿ ಅದು ನಿಂತದ್ದು ಹೇಗೆ? ಜಿನೀವಾದ ನಿರ್ಧಾರವಾಗಿ ಎರಡು ವಾರಕ್ಕೆ, 2011ರ ಮೇ 13ರಂದು, ಡಿವೈಎಫ್‌ಐ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಉತ್ಪಾದನೆ, ಮಾರಾಟ, ಬಳಕೆ ಎಲ್ಲವನ್ನೂ ತಡೆಯಿತು. ಕೋರ್ಟಿಗೆ ಹೋದವರಿಂದ ನಮಗೆ ನಿಷೇಧ ಸಿಕ್ಕಿತು. ಜಿನೀವಾಕ್ಕೆ ಹೋದವರು ಪಟ್ಟಿ ಹಿಡಿದು ವಿನಾಯಿತಿ ತಂದರು.

ಹಾಗಾದರೆ ಗೆಳೆಯ ಹೇಳಿದ್ದೇ ಸರಿ, ಒಪ್ಪಂದ ಬರೀ ಕಾಗದ ಎನ್ನಬಹುದೇ? ಅಲ್ಲ. ಅದಕ್ಕೆ ಯುದ್ಧದ ಕಡೆಯ ಒಂದು ಉದಾಹರಣೆ ಕೊಡುತ್ತೇನೆ.

1936ರಲ್ಲಿ ಜರ್ಮನಿಯಲ್ಲಿ ಗೆರ್ಹಾರ್ಡ್ ಶ್ರಾಡರ್ ಎಂಬ ರಸಾಯನಶಾಸ್ತ್ರಜ್ಞ ಹೊಸ ಕೀಟನಾಶಕ ಹುಡುಕುತ್ತಿದ್ದ. ಸಿಕ್ಕಿದ್ದು ಟಾಬುನ್, ನರಗಳನ್ನೇ ಸ್ತಬ್ಧಗೊಳಿಸುವ ಮೊದಲ ಯುದ್ಧ ಅನಿಲ. ಹುಳ ಕೊಲ್ಲುವ ಮದ್ದಿಗೂ ಮನುಷ್ಯರನ್ನು ಕೊಲ್ಲುವ ಮದ್ದಿಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆಯ ವಿಷಗಳಿಗೆ ರಾಸಾಯನಿಕ ಅಸ್ತ್ರಗಳ ಒಪ್ಪಂದ ಇದೆ. ಜಾರಿಗೆ ಬಂದದ್ದು 1997ರ ಏಪ್ರಿಲ್ 29ಕ್ಕೆ. (ಹೌದು, ಅದೇ 29, ಕಾಕತಾಳೀಯ ಅಷ್ಟೇ.) ನಮ್ಮಲ್ಲಿ ಅಂಥ ಅಸ್ತ್ರಗಳೇ ಇಲ್ಲ ಎಂದು 1992ರಲ್ಲಿ ಪಾಕಿಸ್ತಾನದೊಂದಿಗೆ ಜಂಟಿಯಾಗಿ ಘೋಷಿಸಿದ್ದ ಭಾರತ, ಈ ಒಪ್ಪಂದ ಬಂದ ಮೇಲೆ ಇದೆ ಎಂದು ಒಪ್ಪಿಕೊಳ್ಳಬೇಕಾಯಿತು. ಸುಮಾರು 1,000 ಟನ್ ಸಾಸಿವೆ ಅನಿಲ. ಹೇಗ್‌ನಿಂದ ತಪಾಸಣಾಧಿಕಾರಿಗಳು ಬಂದರು, ಲೆಕ್ಕ ಹಾಕಿದರು, ಕಣ್ಣೆದುರೇ ನಾಶ ಮಾಡಿಸಿದರು. 2009ರಲ್ಲಿ ಕೊನೆಯ ಹನಿಯೂ ಮುಗಿಯಿತು. ಅದಕ್ಕಾಗಿ 2000ದಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಕಾಗದ ಎಂದಿರಲ್ಲ? ಒಂದು ಕಾಗದ ಒಂದು ಸೈನ್ಯದ ಗೋದಾಮನ್ನು ಖಾಲಿ ಮಾಡಿಸಿತು.

ವ್ಯತ್ಯಾಸ ಇಷ್ಟೇ: ಅಲ್ಲಿ ಬಾಗಿಲು ತಟ್ಟಿ ಒಳಗೆ ನೋಡುವವರಿದ್ದಾರೆ, ಸ್ಟಾಕ್‌ಹೋಮ್ ಒಪ್ಪಂದಕ್ಕೆ ಅಂಥವರಿಲ್ಲ. ವಿಷದ ಹಳೆ ದಾಸ್ತಾನನ್ನು ಪರಿಸರಕ್ಕೆ ಹಾನಿಯಾಗದಂತೆ ವಿಲೇವಾರಿ ಮಾಡಬೇಕೆಂದು ಅದರ ಆರನೇ ವಿಧಿ ಹೇಳುತ್ತದೆ. ಆದರೆ 2000ದಲ್ಲಿ ಸಿಂಪಡಣೆ ನಿಂತ ಮೇಲೆ ಪೆರಿಯ, ರಾಜಪುರಂ, ಚೀಮೇನಿ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನನ್ನು ಹೊಸ ಬ್ಯಾರಲ್‌ಗಳಿಗೆ ತುಂಬಿಸಿದ್ದೇ 2012ರಲ್ಲಿ. ನಾಶ ಮಾಡಿದ್ದಲ್ಲ, ಬ್ಯಾರಲ್ ಬದಲಾಯಿಸಿದ್ದು.

ಯುದ್ಧದ ಒಪ್ಪಂದಗಳು ಇನ್ನೂ ಒಂದು ವಿಷಯ ಕಲಿತಿವೆ. ನೆಲಬಾಂಬು ನಿಷೇಧಿಸುವ 1997ರ ಒಪ್ಪಂದ, ಕ್ಲಸ್ಟರ್ ಬಾಂಬು ನಿಷೇಧಿಸುವ 2008ರ ಒಪ್ಪಂದ, ಎರಡರಲ್ಲೂ ಬದುಕುಳಿದವರ ಚಿಕಿತ್ಸೆ ಮತ್ತು ಪುನರ್ವಸತಿಯ ಮಾತಿದೆ. ಎರಡಕ್ಕೂ ವ್ಯಾಟಿಕನ್ ಸೇರಿದೆ, ಭಾರತ ಸೇರಿಲ್ಲ. ಕಾಲು ಕಳೆದುಕೊಂಡವನನ್ನು ಆ ಒಪ್ಪಂದ ಬರೆದವರು ಕಣ್ಣೆದುರು ಇಟ್ಟುಕೊಂಡಿದ್ದರು. ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಪರಿಹಾರದ ವಿಧಿಯೇ ಇಲ್ಲ. ವಿಷವನ್ನು ಪಟ್ಟಿಗೆ ಸೇರಿಸುತ್ತದೆ, ಹಾಸಿಗೆ ಹಿಡಿದವನನ್ನು ಮರೆಯುತ್ತದೆ. ಹಾಗಾಗಿ ನಮ್ಮ ಜನರ ಪಾಡು ಮತ್ತೆ ರಾಜ್ಯ ಸರಕಾರದ ಕೈಗೆ ಬಂತು, ಮತ್ತೆ ಕೋರ್ಟಿಗೆ ಹೋಯಿತು. ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟ್ ಕೇರಳಕ್ಕೆ ಆದೇಶಿಸಿದ್ದು 2017ರ ಜನವರಿ 10ರಂದು. 2022ರ ಮೇಯಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಆ ಹಣ ತಲುಪಿದ್ದು 8 ಮಂದಿಗೆ. ಎಂಟು! ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರಿಗೆ ಮಾತ್ರ ಸಿಕ್ಕಿತ್ತು. ಕೇಂದ್ರವನ್ನು ಬೈದು ಉಪವಾಸ ಕೂರುವ ರಾಜ್ಯ, ತನ್ನದೇ ಕಾರ್ಪೊರೇಶನ್ ಸುರಿಸಿದ ವಿಷದ ಬಿಲ್ ಬಂದಾಗ ಐದು ವರ್ಷ ಜೇಬು ತಡಕಿತು. ಇಲ್ಲಿ ಯಾವ ಪಕ್ಷಕ್ಕೂ ನಾನು ವಿನಾಯಿತಿ ಕೊಡುವುದಿಲ್ಲ.

ಇದೆಲ್ಲ ಹಳೆಯ ಕಥೆ ಎಂದು ಫೋನಿಗೆ ಮರಳುವ ಮೊದಲು ನಿಮ್ಮ ತೋಟದ ಶೆಡ್ಡಿನ ಮೂಲೆಯಲ್ಲಿ ಒಂದು ಬಾಟಲಿ ನೋಡಿ. ಗೆದ್ದಲಿಗೆ, ಅಡಿಕೆಯ ಬೇರುಹುಳಕ್ಕೆ ತರುವ ಕ್ಲೋರ್‌ಪೈರಿಫಾಸ್ ಇರಬಹುದು. ಎಂಡೋಸಲ್ಫಾನ್ ಬೇರೆ ಜಾತಿ. ಆದರೆ ಇದು ಅದೇ ಶ್ರಾಡರನ ಟಾಬುನ್ ಕುಟುಂಬದ್ದು, ಆರ್ಗನೋಫಾಸ್ಫೇಟ್. ನರದಲ್ಲಿ ಅದೇ ಕಿಣ್ವವನ್ನು ತಡೆಯುವುದು, ಶಕ್ತಿ ಕಡಿಮೆ ಅಷ್ಟೇ. ಯುರೋಪಿನಲ್ಲಿ ಇದರ ಪರವಾನಿಗೆ 2020ರಲ್ಲಿ ಮುಗಿಯಿತು. ಅಲ್ಲಿಗೆ ಹೋಗುವ ಆಹಾರದಲ್ಲಿ ಕಿಲೋವೊಂದಕ್ಕೆ 0.01 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದು. ಈಗ ವ್ಯಾಪಾರದ ಒಪ್ಪಂದಗಳ ಆಟ ನೋಡಿ. ಯುರೋಪಿನ ಬಂದರಿನಲ್ಲಿ ಒಂದು ಕಂಟೇನರ್ ವಾಪಸಾದರೆ ಮರುದಿನವೇ ರಫ್ತುದಾರ ಲ್ಯಾಬಿಗೆ ಓಡುತ್ತಾನೆ. ಆರೋಗ್ಯದ ಒಪ್ಪಂದ ಹತ್ತು ವರ್ಷದಲ್ಲಿ ಮಾಡದ್ದನ್ನು ವ್ಯಾಪಾರದ ನಿಯಮ ಹತ್ತು ದಿನದಲ್ಲಿ ಮಾಡಿಸುತ್ತದೆ. ಅಲ್ಲಿಯವರು ತಿನ್ನುವುದಕ್ಕೆ ಪರೀಕ್ಷೆ ಉಂಟು. ನಾವು ಕುಡಿಯುವ ಸುರಂಗದ ನೀರಿಗೆ?

ಕ್ಲೋರ್‌ಪೈರಿಫಾಸ್ ಕೂಡ 2025ರ ಮೇಯಲ್ಲಿ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು, ಮತ್ತೆ ಬೆಳೆಗಳ ಮೇಲಿನ ವಿನಾಯಿತಿಗಳೊಂದಿಗೆ. ಅಂದರೆ ಹಳೆಯ ಸಿನೆಮಾದ ಎರಡನೇ ಭಾಗ ಈಗ ಓಡುತ್ತಿದೆ. ಸಹಿಯ ವಿಷಯದಲ್ಲಿ ನಮ್ಮ ಷರತ್ತು ಹಾಗೆಯೇ ಇದೆ: ನಾವು ಅಂಗೀಕರಿಸುವವರೆಗೆ ನಮಗೆ ಅನ್ವಯ ಇಲ್ಲ. ಅಡಿಕೆ ಬೆಳೆಯುವ ಅಪ್ಪಂದಿರು ನನ್ನ ಮೇಲೆ ಸಿಟ್ಟಾಗುವುದು ಬೇಡ. ನಾಳೆಯೇ ಬಾಟಲಿ ಕಸಿದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಬೇರುಹುಳ ಬಂದರೆ ತೋಟದ ಗತಿ ಏನೆಂದು ನಮ್ಮ ಮನೆಯಲ್ಲೂ ಗೊತ್ತು. ಬದಲಿ ಉಪಾಯಕ್ಕೆ ಹಣ, ತಂತ್ರಜ್ಞಾನ ಕೇಳುವ ಹಕ್ಕನ್ನು ಇದೇ ಒಪ್ಪಂದ ನಮ್ಮಂಥ ದೇಶಗಳಿಗೆ ಕೊಟ್ಟಿದೆ. ನಮ್ಮ ಕುರ್ಚಿಯಲ್ಲಿ ಕೂತವರು ಅದನ್ನು ಕೇಳಲಿ, ವಿನಾಯಿತಿ ಬೇಡುವಷ್ಟೇ ಜೋರಾಗಿ ಕೇಳಲಿ ಎನ್ನುತ್ತಿದ್ದೇನೆ.

"ಇಗರ್ಜಿಯ ಯುವಜನರಿಗೆ ಇದೆಲ್ಲ ಯಾಕೆ" ಎಂದು ಒಬ್ಬರು ಗುರ್ಕಾರರು ಕೇಳಿದರು. ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಅಪಾಯಕಾರಿ ತ್ಯಾಜ್ಯದ ಬಾಸೆಲ್ ಒಪ್ಪಂದ, ಓಝೋನ್ ಪದರದ ವಿಯೆನ್ನಾ ಒಪ್ಪಂದಗಳನ್ನು ಹೆಸರು ಹಿಡಿದು ಹೇಳಿದ್ದಾರೆ. ಮೇಲ್ವಿಚಾರಣೆ ಇಲ್ಲದೆ ಒಪ್ಪಂದಗಳು ಹೇಗೆ ಸೊರಗುತ್ತವೆ ಎಂಬುದನ್ನೂ ಹೇಳಿದ್ದಾರೆ. ಪೋಪರಿಗೆ ಓದಲು ಪುರುಸೊತ್ತು ಸಿಕ್ಕಿದ್ದನ್ನು ನಾವೂ ಓದಬಹುದಲ್ಲ ಅಂಕಲ್ ಎಂದೆ. ಅವರು ನಕ್ಕು, ಸರಿ ಬರೆ ಎಂದರು. ಅದಕ್ಕೇ ಬರೆದೆ.

ಒಪ್ಪಂದದ ಅಧಿಕೃತ ಪಾಠ ಆರು ಭಾಷೆಗಳಲ್ಲಿದೆ: ಅರೇಬಿಕ್, ಚೀನೀ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಎಣ್ಮಕಜೆಯ ಅಜ್ಜಿಗೆ ಆರರಲ್ಲಿ ಒಂದೂ ಬಾರದು. ಅವರ ಮೈಮೇಲೆ ಬಿದ್ದದ್ದರ ಬಗ್ಗೆ ಬರೆದ ಕಾಗದ ಅವರ ಭಾಷೆಯಲ್ಲಿ ಇಲ್ಲ. ನಾವು ನಾಲ್ಕೈದು ಮಂದಿ ಸೇರಿ ಎಂಡೋಸಲ್ಫಾನಿಗೆ ಸಂಬಂಧಿಸಿದ ವಿಧಿಗಳನ್ನಷ್ಟು ಸರಳ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಕೆಮಿಸ್ಟ್ರಿ ಭಾಗ ನನ್ನದು, ಕಾನೂನಿನ ಭಾಗಕ್ಕೆ ಎಲ್‌ಎಲ್‌ಬಿ ಓದುವ ಯಾರಾದರೂ ಬೇಕು.

ಜೊತೆಗೆ ನಮ್ಮ ಸಂಸದರಿಗೆ ಒಂದು ಪತ್ರ ಸಿದ್ಧವಾಗಿದೆ. 2020ರಲ್ಲಿ ಅಂಗೀಕರಿಸಿದ ಏಳರಲ್ಲಿ ಎಂಡೋಸಲ್ಫಾನ್ ಯಾಕಿರಲಿಲ್ಲ, ಕ್ಲೋರ್‌ಪೈರಿಫಾಸ್ ಬಗ್ಗೆ ಸರಕಾರದ ನಿಲುವೇನು, ಮುಂದಿನ ಸಮ್ಮೇಳನಕ್ಕೆ ಹೋಗುವ ನಿಯೋಗ ಹೊರಡುವ ಮೊದಲು ಸಂಸತ್ತಿನಲ್ಲಿ ಕಾಸರಗೋಡಿನ ಮಾತು ಕೇಳಿಸುತ್ತದೆಯೇ, ಇಷ್ಟೇ ಅದರಲ್ಲಿರುವುದು. ಬರುವ ಭಾನುವಾರ ಎರಡನೇ ಪೂಜೆಯ ನಂತರ ಸಭಾಭವನದ ಹೊರಗಿನ ಮೇಜಿನ ಮೇಲೆ ಇಡುತ್ತೇವೆ. ಪತ್ರ ಕನ್ನಡದಲ್ಲಿದೆ, ಮಲಯಾಳಂ ಪ್ರತಿಯೂ ಇದೆ. ಪೆನ್ನು ನೀವೇ ತನ್ನಿ. ಕಳೆದ ಸಲ ಇಟ್ಟ ನಾಲ್ಕು ಪೆನ್ನುಗಳಲ್ಲಿ ಒಂದೂ ವಾಪಸು ಬಂದಿಲ್ಲ.